ಬಿಗ್ಗರ್‌ಗೆ ಎರಡು ‘ಜಿ’: ಗುರುವಾಯನಕೆರೆಯ ಟೈಲರ್ ಶುಕೂರ್

ಗುರುವಾಯನಕೆರೆಯ ಮೂರು ದಾರಿ ಕೂಡುವಲ್ಲಿ ಬೆಳಗಿನ ಆರು ಗಂಟೆಗೆ ಹೊಟೇಲಿನ ಒಲೆಯೊಂದನ್ನು ಬಿಟ್ಟರೆ ಬೇರೇನೂ ಎದ್ದಿರುವುದಿಲ್ಲ. ಹೊಟೇಲಿಗೆ ತಾಗಿಕೊಂಡ ಪುಟ್ಟ ಕೋಣೆಯ ಹಲಗೆ ಬಾಗಿಲು ಮಾತ್ರ ಅರ್ಧ ತೆರೆದಿದೆ. ಒಳಗೆ ಲಾಟೀನಿನ ಬೆಳಕಿನಲ್ಲಿ ಅಬ್ದುಲ್ ಶುಕೂರ್ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎರಡು ಅಂಗಿಗಳನ್ನು ಅಕ್ಕಪಕ್ಕ ಹರಡುತ್ತಿದ್ದಾರೆ. ಎರಡೂ ಗಿರಾಕಿಗಳವು, ಸಂಜೆಯೊಳಗೆ ಗುಂಡಿ ತೂರುವ ಕಾಜ ಹಾಕಿ ಕೊಡಬೇಕಾದವು. ಮೇಜಿನ ಸುತ್ತ ಒಂಬತ್ತು ಮಂದಿ ನಿಂತಿದ್ದಾರೆ. ಐವರು ಹುಡುಗಿಯರು, ಮೂವರು ಹುಡುಗರು, ಬೆಳ್ತಂಗಡಿಯ ಸೊಸೈಟಿಯಲ್ಲಿ ಅಕ್ಕಿ ತೂಗುವ ಒಬ್ಬ ಮದುವೆಯಾದ ಗೃಹಸ್ಥ. ಎಲ್ಲರೂ ಎಸ್.ಎಸ್.ಎಲ್.ಸಿ.ಯಲ್ಲಿ ಇಂಗ್ಲಿಷಿಗೆ ಬಿದ್ದವರು. ಸೆಪ್ಟೆಂಬರ್ ಪರೀಕ್ಷೆಗೆ ಇನ್ನು ಐದು ವಾರ ಉಳಿದಿದೆ.

ಶುಕೂರ್ ಕುತ್ತಿಗೆಯಿಂದ ಟೇಪು ತೆಗೆದು ಒಂದು ತೋಳಿನ ಮೇಲೆ ಎಳೆಯುತ್ತಾರೆ, ಮತ್ತೆ ಇನ್ನೊಂದರ ಮೇಲೆ. ಯಾವುದು ಉದ್ದ ಎಂದು ಇಂಗ್ಲಿಷಿನಲ್ಲಿ ಹೇಳಬೇಕು. ಜಡೆಯನ್ನು ಮುಂದಕ್ಕೆ ಹಾಕಿಕೊಂಡ ಹುಡುಗಿಯೊಬ್ಬಳು, “ದಿಸ್ ಸ್ಲೀವ್ ಈಸ್ ಲಾಂಗರ್,” ಎನ್ನುತ್ತಾಳೆ. ಶುಕೂರ್ ತಲೆ ಅಲ್ಲಾಡಿಸುವುದಿಲ್ಲ, ಸರಿ ಎನ್ನುವುದೂ ಇಲ್ಲ, ಕಾಯುತ್ತಾರೆ. ಹುಡುಗಿ ನಾಲಗೆ ಕಚ್ಚಿಕೊಂಡು, “ದ್ಯಾನ್ ದಟ್ ಸ್ಲೀವ್,” ಎಂದು ಸೇರಿಸುತ್ತಾಳೆ.

“ದ್ಯಾನ್ ಹಾಕದಿದ್ದರೆ ಒಂದು ತೋಳು ಮಾತ್ರ ಹೊಲಿದು ಕೊಟ್ಟ ಹಾಗೆ,” ಎನ್ನುತ್ತಾರೆ ಅವರು. “ಯಾವುದಕ್ಕಿಂತ ಅಂತ ಕೇಳುವವನಿಗೆ ಗೊತ್ತಾಗಬೇಕಲ್ಲ.”

ಮುಂದಿನ ಮುಕ್ಕಾಲು ಗಂಟೆ ಹೀಗೆಯೇ ಸಾಗುತ್ತದೆ. ಖಾದಿ ಬಟ್ಟೆ, ಟೆರಿಲಿನ್ ಬಟ್ಟೆ: ಯಾವುದು ದಪ್ಪ, ಯಾವುದು ನಯ, ಯಾವುದು ಬೇಗ ಒಣಗುತ್ತದೆ. ಪ್ರತಿಯೊಬ್ಬರೂ ಬಟ್ಟೆಯನ್ನು ಕೈಯಲ್ಲಿ ಹಿಡಿದು ಹೇಳಬೇಕು, ಆಮೇಲೆ ಸ್ಲೇಟಿನಲ್ಲಿ ಬರೆದು ತೋರಿಸಬೇಕು. ಸ್ಲೇಟನ್ನು ಶುಕೂರ್ ಒಂದೊಂದೇ ಅಕ್ಷರಕ್ಕೆ ಬೆರಳು ಇಟ್ಟು ನೋಡುತ್ತಾರೆ. ಏಳು ಗಂಟೆಗೆ ಬಂಟ್ವಾಳದ ಕಡೆಯ ಬಸ್ಸು ಹಾರ್ನ್ ಹಾಕುತ್ತದೆ. ಮಕ್ಕಳು ಚದುರುತ್ತಾರೆ, ಸೊಸೈಟಿಯ ಗೃಹಸ್ಥ ಕೊಡೆ ಬಿಡಿಸಿ ಬೆಳ್ತಂಗಡಿಯ ದಾರಿ ಹಿಡಿಯುತ್ತಾರೆ, ಶುಕೂರ್ ಮೆಷಿನಿನ ಮುಂದೆ ಕೂರುತ್ತಾರೆ. ದಿನಕ್ಕೆ ನಾಲ್ಕು ಅಂಗಿ, ಇಲ್ಲವೆ ಎರಡು ಅಂಗಿ ಒಂದು ಪ್ಯಾಂಟು. ಶಾಲೆ ಶುರುವಾಗುವ ಜೂನಿನಲ್ಲಿ ಎಂಟು ಚಡ್ಡಿಯವರೆಗೂ ಹೋಗುವುದುಂಟು. ಕಲಿಸಿದ್ದಕ್ಕೆ ಅವರು ಏನನ್ನೂ ತೆಗೆದುಕೊಳ್ಳುವುದಿಲ್ಲ.

ಈ ಮನುಷ್ಯ ಓದಿದ್ದು ಐದನೆಯ ತರಗತಿಯವರೆಗೆ. ಅದೂ ಕನ್ನಡದಲ್ಲಿ. ತಂದೆ ತೀರಿಕೊಂಡಾಗ ಹನ್ನೆರಡು ವರ್ಷ. ಮರುವರ್ಷವೇ ದೂರದ ನೆಂಟರೊಬ್ಬರ ಜೊತೆ ಬೊಂಬಾಯಿಗೆ ಹೊರಟರು. ಅಲ್ಲಿ ಕೋಟೆ ಪ್ರದೇಶದ ಒಂದು ಹೊಲಿಗೆ ಅಂಗಡಿಯಲ್ಲಿ ಗುಂಡುಪಿನ್ನಿನ ಬಟ್ಟಲು ಹಿಡಿದು ನಿಲ್ಲುವ ಕೆಲಸ. ಬರುತ್ತಿದ್ದ ಗಿರಾಕಿಗಳು ಹಡಗಿನ ಅಧಿಕಾರಿಗಳು, ಕಂಪನಿಗಳ ಬಿಳಿಯ ದೊರೆಗಳು. ಕನ್ನಡಿಯ ಮುಂದೆ ನಿಂತು ಅವರು ಹೇಳುತ್ತಿದ್ದುದೆಲ್ಲ ಒಂದೇ ಬಗೆಯ ಮಾತು. ಇಲ್ಲಿ ಸ್ವಲ್ಪ ಲೂಸರ್, ಅಲ್ಲಿ ಸ್ವಲ್ಪ ಟೈಟರ್, ಕೈ ಇನ್ನಷ್ಟು ಶಾರ್ಟರ್. ದೊರೆ ಹೇಳಿದ್ದು ಅರ್ಥವಾಗದೆ ಪಿನ್ನು ತಪ್ಪಿ ಚುಚ್ಚಿದರೆ ಬಟ್ಟೆ ಕತ್ತರಿಸುವ ಕಟ್ಟರ್ ಮಾಸ್ತರನ ಕೈ ಬೆನ್ನಿನ ಮೇಲೆ ಬೀಳುತ್ತಿತ್ತು.

ಆರು ತಿಂಗಳಲ್ಲಿ ಶುಕೂರರ ಕಿವಿ ಒಂದು ಸಂಗತಿಯನ್ನು ಹಿಡಿಯಿತು. ಶಬ್ದದ ಕೊನೆಯಲ್ಲಿ ‘ಅರ್’ ಎಂದು ಬಂದರೆ ಎರಡು ವಸ್ತುಗಳ ನಡುವೆ ಅಳತೆ ನಡೆಯುತ್ತಿದೆ ಎಂದರ್ಥ. ಶಬ್ದ ಉದ್ದವಾಗಿದ್ದರೆ, ಕಂಫರ್ಟಬಲ್ ಎಂಬಂಥದ್ದಾದರೆ, ದೊರೆಗಳು ಕೊನೆಗೆ ಏನನ್ನೂ ಹಚ್ಚದೆ ಮುಂದೆ ‘ಮೋರ್’ ಎನ್ನುತ್ತಿದ್ದರು. ‘ಗುಡ್’ ಮಾತ್ರ ಯಾವ ಲೆಕ್ಕಕ್ಕೂ ಸಿಗದೆ ‘ಬೆಟರ್’ ಆಗುತ್ತಿತ್ತು. ಇದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಹದಿನಾಲ್ಕು ವರ್ಷ ಕನ್ನಡಿಯ ಪಕ್ಕ ನಿಂತು ಕೇಳಿದ್ದಷ್ಟೇ. ಇಂಗ್ಲಿಷ್ ಅಕ್ಷರಗಳನ್ನು ಅಂಗಡಿಯ ಅಳತೆ ಪುಸ್ತಕ ನೋಡಿ ತಿದ್ದಿಕೊಂಡರು.

ತಾಯಿ ಹಾಸಿಗೆ ಹಿಡಿದಳೆಂಬ ಕಾಗದ ಬಂದಾಗ, ಸಾವಿರದ ಒಂಬೈನೂರ ಐವತ್ತೈದರಲ್ಲಿ, ಊರಿಗೆ ಮರಳಿದರು. ಗುರುವಾಯನಕೆರೆಯಲ್ಲಿ ಈ ಕೋಣೆ ಹಿಡಿದರು. ಪಾತುಮ್ಮನನ್ನು ಮದುವೆಯಾದರು. ಇಂಗ್ಲಿಷು ಬೊಂಬಾಯಿಯಲ್ಲೇ ಉಳಿಯಿತು ಎಂದುಕೊಂಡಿದ್ದರು.

ಅದು ಮತ್ತೆ ಎದ್ದದ್ದು ಐವತ್ತೊಂಬತ್ತರಲ್ಲಿ, ಶೇಖರ ಎಂಬ ಬಸ್ ಕಂಡಕ್ಟರ್ ಖಾಕಿ ಅಂಗಿಯ ಅಳತೆ ಕೊಡಲು ಬಂದ ದಿನ. ಎಸ್.ಎಸ್.ಎಲ್.ಸಿ. ಪಾಸಾದರೆ ಬಂಟ್ವಾಳದ ಬಸ್ ಆಫೀಸಿನಲ್ಲಿ ಕುಳಿತು ಮಾಡುವ ಕೆಲಸ ಸಿಗುವುದಿತ್ತು ಅವರಿಗೆ. ಕೈ ಚಾಚಿ ನಿಂತಲ್ಲೇ ಪುಸ್ತಕ ಹಿಡಿದು ‘ಬ್ಯೂಟಿಫುಲರ್, ಮೋರ್ ಟಾಲರ್’ ಎಂದು ಉರುಹೊಡೆಯುತ್ತಿದ್ದರು. ಬಾಯಲ್ಲಿದ್ದ ಪಿನ್ನು ತೆಗೆದು ಶುಕೂರ್, ಅದು ಹಾಗಲ್ಲ ಎಂದರು. ಉದ್ದ ಶಬ್ದಕ್ಕೆ ತಲೆಗೆ ‘ಮೋರ್’ ಎಂಬ ಮುಂಡಾಸು, ಗಿಡ್ಡ ಶಬ್ದಕ್ಕೆ ಹಿಂದೆ ‘ಅರ್’ ಎಂಬ ಬಾಲ, ಒಂದಕ್ಕೇ ಎರಡನ್ನೂ ಹಾಕುವುದಿಲ್ಲ ಎಂದು ವಿವರಿಸಿದರು. ಶೇಖರರಿಗೆ ಪುಸ್ತಕದಲ್ಲಿ ಎರಡು ವರ್ಷ ತಲೆಗೆ ಹತ್ತದಿದ್ದದ್ದು ಅಂಗಿಯ ಅಳತೆ ಮುಗಿಯುವಷ್ಟರಲ್ಲಿ ಹತ್ತಿತು. ಅವರು ಪಾಸಾದರು. ಆಫೀಸಿನ ಕೆಲಸ ಬೇರೆಯವರ ಪಾಲಾಯಿತು, ಅವರು ಬಸ್ಸಿನಲ್ಲೇ ಉಳಿದರು. ಆದರೆ ಬಸ್ಸಿನಲ್ಲಿ ಹೋಗಿಬರುವ ಮಕ್ಕಳಿಗೆಲ್ಲ ಟೈಲರನ ಸುದ್ದಿ ಹೇಳಿದರು. ಮರುವರ್ಷ ಮೂವರು ಬಂದರು. ಅದರ ಮರುವರ್ಷ ಏಳು. ದೊಡ್ಡವರು ಕರಾವಳಿಯ ಮುಸ್ಲಿಮರನ್ನು ಕರೆಯುವಂತೆ ಬ್ಯಾರಿಗಳೇ ಎಂದು ಕರೆದರೆ, ಮಕ್ಕಳಿಗೆ ಅವರು ಶುಕೂರಾಕ, ಎಂದರೆ ಶುಕೂರಣ್ಣ, ಆದರು.

ಸ್ವರ್ಣಲತಾ ಬಂದದ್ದು ಅರುವತ್ತನಾಲ್ಕರ ಜೂನಿನಲ್ಲಿ. ಕೊಕ್ಕಡದ ಭೋಜ ಹೆಗ್ಡೆಯವರ ಮಗಳು, ಗುರುವಾಯನಕೆರೆಯ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದವಳು. ಟೀಚರ್ ಟ್ರೈನಿಂಗ್‌ಗೆ ಹೋಗಬೇಕೆಂಬುದು ಅವಳ ಆಸೆ. ಉಳಿದ ವಿಷಯಗಳಲ್ಲೆಲ್ಲ ಒಳ್ಳೆಯ ಅಂಕ, ಇಂಗ್ಲಿಷಿನಲ್ಲಿ ಮಾತ್ರ ಮೂವತ್ತೊಂದು. ಮೂವತ್ತೈದು ಬೇಕಿತ್ತು. ಮೂರು ತಿಂಗಳು ಒಂದು ದಿನವೂ ತಪ್ಪದೆ ಬಂದಳು. ಹೇಳಿಕೊಟ್ಟದ್ದನ್ನು ಅವಳಷ್ಟು ನಿಷ್ಠೆಯಿಂದ ಕಲಿತವರು ಇನ್ನೊಬ್ಬರಿಲ್ಲ ಎಂದು ಶುಕೂರ್ ಇಂದಿಗೂ ಹೇಳುತ್ತಾರೆ. ಅದೇ ಮುಳುವಾಯಿತು.

ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಮೂವತ್ತಮೂರು. ಅಂಗಡಿಗೆ ಬಂದು ಅವಳು ಅಳದೆ ಅಂಕ ಹೇಳಿದಳು. ವ್ಯಾಕರಣದಲ್ಲಿ ಏನು ಬರೆದೆ ಎಂದು ಶುಕೂರ್ ಕೇಳಿದರು. ನೆನಪಿದ್ದುದನ್ನೆಲ್ಲ ಅವಳು ಸ್ಲೇಟಿನಲ್ಲಿ ಇಳಿಸಿದಳು. ಹತ್ತು ಶಬ್ದ, ತಲಾ ಅರ್ಧ ಅಂಕ. ಶುಕೂರ್ ಒಂದೊಂದಾಗಿ ಓದಿದರು. ಎಲ್ಲವೂ ಅವರು ಕಲಿಸಿದಂತೆಯೇ ಇತ್ತು. ಎಲ್ಲವೂ ಸರಿ ಎಂದು ಅವರು ಹೇಳುವುದಕ್ಕೂ ಕೋಟಿನ ಗುಂಡಿ ಬದಲಿಸಲು ಕೊಟ್ಟಿದ್ದ ವೆಂಕಟೇಶ್ವರ ಮಾಸ್ಟ್ರು ಒಳಗೆ ಕಾಲಿಡುವುದಕ್ಕೂ ಸರಿಹೋಯಿತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ ಮೂಡುಬಿದಿರೆಯಲ್ಲಿ ನೆಲೆಸಿದ್ದ ಅವರು ಕನ್ನಡಕ ಸರಿಮಾಡಿಕೊಂಡು ಸ್ಲೇಟು ನೋಡಿದರು.

“ಬಿಗ್ಗರ್‌ಗೆ ಎರಡು ಜಿ ಬೇಕಲ್ಲ,” ಎಂದರು. “ಹಾಟರ್‌ಗೆ ಎರಡು ಟಿ. ಥಿನ್ನರ್, ಫ್ಯಾಟರ್ ಕೂಡ ಹಾಗೇ. ಹೆವಿಯರ್‌ನಲ್ಲಿ ವೈ ತೆಗೆದು ಐ ಹಾಕಬೇಕು. ಇದನ್ನು ಹೀಗೆ ಬರೆಯಲು ಹೇಳಿಕೊಟ್ಟದ್ದು ಯಾರು?”

ಐದು ಶಬ್ದ, ಎರಡೂವರೆ ಅಂಕ. ಅವಳಿಗೆ ಕಡಿಮೆಯಾದದ್ದು ಎರಡು.

ಬೊಂಬಾಯಿಯ ದೊರೆಗಳು ಬಿಗ್ಗರ್ ಎಂಬ ಶಬ್ದವನ್ನು ಒತ್ತಿಲ್ಲದೆ ಹಗುರವಾಗಿ ಹೇಳುತ್ತಿದ್ದರು. ಕಿವಿಗೆ ಕೇಳಿದ್ದು ಒಂದೇ ‘ಜಿ’, ಆದ್ದರಿಂದ ಕೈ ಬರೆದದ್ದೂ ಒಂದೇ. ಅಳತೆ ಪುಸ್ತಕದಲ್ಲಿ ಇಷ್ಟು ವರ್ಷ ಹಾಗೆಯೇ ಬರೆದುಕೊಂಡು ಬಂದಿದ್ದರು, ತಪ್ಪು ಎಂದು ಹೇಳುವವರು ಯಾರೂ ಇರಲಿಲ್ಲ. “ಹೇಳಿಕೊಟ್ಟದ್ದು ನಾನು ಅಂತ ಬಾಯಿಬಿಟ್ಟು ಹೇಳಿದೆ,” ಎಂದು ಆ ದಿನವನ್ನು ನೆನೆಯುತ್ತಾರೆ ಶುಕೂರ್. “ಮಾಸ್ಟ್ರು ಕೋಟು ತಗೊಂಡು ಹೋದರು. ಹುಡುಗಿ ಸ್ಲೇಟು ಒರೆಸಿ ಇಟ್ಟಳು. ಬೈದಿದ್ದರೆ ಒಳ್ಳೆದಿತ್ತು ಮಾರಾಯ್ರೆ.”

ಮರುದಿನ ಬೆಳಿಗ್ಗೆ ಬಂದ ಮಕ್ಕಳನ್ನು ವಾಪಸು ಕಳಿಸಿದರು. ಹನ್ನೊಂದು ದಿನ ಪಾಠ ನಿಂತಿತು. ಹೈಸ್ಕೂಲು ಮಕ್ಕಳ ನಡುವೆ ಸುದ್ದಿ ಹಬ್ಬಿ, ಟೈಲರನ ಇಂಗ್ಲಿಷಿಗೆ ತೇಪೆ ಹಾಕಬೇಕಂತೆ ಎಂದು ಯಾರೋ ನಕ್ಕದ್ದು ಅವರ ಕಿವಿಗೂ ಬಿತ್ತು. ಸ್ವರ್ಣಲತಾ ಕೊಕ್ಕಡಕ್ಕೆ ಹೊರಟುಹೋದಳು. ಇನ್ನು ಓದು ಸಾಕು, ಗಂಡು ನೋಡುತ್ತೇನೆ ಎಂದು ಅವಳ ತಂದೆ ಹೇಳಿದ್ದಾರೆಂದು ಸೋದರತ್ತೆ ತಿಳಿಸಿದರು. ಶುಕೂರರಿಗೆ ಅನ್ನ ಸೇರಲಿಲ್ಲ. ಹೊಲಿದ ಅಂಗಿಯ ಕಾಲರ್ ಎರಡು ಸಲ ಸೊಟ್ಟಗಾಯಿತು.

ಅಕ್ಷರ ಬಾರದ ಪಾತುಮ್ಮ ಹನ್ನೊಂದು ದಿನವೂ ನೋಡಿದರು. ಹನ್ನೆರಡನೆಯ ದಿನ ಗಂಜಿ ಬಡಿಸುತ್ತ, “ಅಳತೆ ತಪ್ಪಿದರೆ ನೀವು ಅಂಗಿ ಬಿಸಾಡುವುದಿಲ್ಲ, ಬಿಚ್ಚಿ ಹೊಲೀತೀರಿ,” ಎಂದರು. “ಇದನ್ನು ಯಾಕೆ ಹಾಗೇ ಬಿಟ್ಟಿದ್ದೀರಿ?”

ಆ ವಾರದ ಶುಕ್ರವಾರ ಶುಕೂರ್ ಜುಮ್ಮಾ ನಮಾಜು ಮುಗಿಸಿ ಮೂಡುಬಿದಿರೆಯ ಬಸ್ಸು ಹತ್ತಿದರು. ವೆಂಕಟೇಶ್ವರ ಮಾಸ್ಟ್ರ ಮನೆಯ ಅಂಗಳದಲ್ಲಿ ನಿಂತು, ತನಗೆ ಬರೆಯಲು ಕಲಿಸಬೇಕು ಎಂದು ಕೇಳಿದರು. ಮಾಸ್ಟ್ರು ಅವರನ್ನು ಜಗಲಿಗೆ ಕರೆದು ಕೂರಿಸಿ, ಮಕ್ಕಳಿಗೆ ಹೇಳಿಕೊಡುವ ಶಬ್ದಗಳನ್ನೆಲ್ಲ ಬರೆಯಿರಿ ಎಂದರು. ಅರುವತ್ತೆರಡು ಶಬ್ದಗಳಾದವು. ಹತ್ತೊಂಬತ್ತರ ಕೆಳಗೆ ಮಾಸ್ಟ್ರು ಕೆಂಪು ಗೆರೆ ಎಳೆದರು. ಆಮೇಲೆ ಕಾಗದ ಮಡಚಿ, “ನಲುವತ್ತಮೂರು ಸರಿ ಉಂಟು. ಕಿವಿಯಲ್ಲಿ ಕೇಳಿ ಇಷ್ಟು ಕಲಿತವರನ್ನು ನನ್ನ ಸರ್ವೀಸಿನಲ್ಲಿ ನೋಡಿಲ್ಲ. ಮುಂದಿನ ಶುಕ್ರವಾರ ಬನ್ನಿ,” ಎಂದರು. ಮೂವತ್ತೇಳನೆಯ ವಯಸ್ಸಿನಲ್ಲಿ ಶುಕೂರ್ ಮತ್ತೆ ವಿದ್ಯಾರ್ಥಿಯಾದರು.

ಆದರೆ ಅದಕ್ಕಿಂತ ಮೊದಲು ಮುಗಿಸಬೇಕಾದ ಕೆಲಸವೊಂದಿತ್ತು. ಆ ಭಾನುವಾರ ಧರ್ಮಸ್ಥಳದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕೊಕ್ಕಡಕ್ಕೆ ನಡೆದರು. ಭೋಜ ಹೆಗ್ಡೆಯವರು ಮಾತು ಕಡಿಮೆಯ ಮನುಷ್ಯ. ನೀರು ಬೆಲ್ಲ ಕೊಟ್ಟು ಕೂರಿಸಿ, ಬಂದ ವಿಷಯ ಕೇಳಿದರು. ಶುಕೂರ್ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು.

“ಹೆಗ್ಡೆಯವರೇ, ನಿಮ್ಮ ಮಗಳು ಫೇಲಾದದ್ದಲ್ಲ. ನಾನು ತಪ್ಪು ಹೇಳಿಕೊಟ್ಟದ್ದು. ಅವಳು ನಾನು ಹೇಳಿದ ಹಾಗೇ ಬರೆದಳು,” ಎಂದಷ್ಟೇ ಹೇಳಿ ಸ್ಲೇಟಿನ ಐದು ಶಬ್ದಗಳ ಕಥೆಯನ್ನು ತಿಳಿಸಿದರು.

ಹೆಗ್ಡೆಯವರು ಬೆಲ್ಲದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ನೀವು ಎಷ್ಟು ಓದಿದ್ದೀರಿ ಎಂದು ಕೇಳಿದರು. ಐದನೆಯ ಕ್ಲಾಸು ಎಂದರು ಶುಕೂರ್. ಒಳಬಾಗಿಲ ಹಿಂದೆ ಬಳೆ ಸದ್ದಾಯಿತು. ಸ್ವರ್ಣಲತಾ ಅಲ್ಲಿ ನಿಂತು ಕೇಳುತ್ತಿದ್ದಾಳೆಂದು ಇಬ್ಬರಿಗೂ ತಿಳಿಯಿತು.

“ನನ್ನ ಮಗಳು ಇಷ್ಟು ವರ್ಷ ಶಾಲೆಗೆ ಹೋದಳು,” ಎಂದರು ಹೆಗ್ಡೆಯವರು ಕೊನೆಗೆ. “ತಪ್ಪು ನಮ್ಮದು ಅಂತ ಹೇಳಲಿಕ್ಕೆ ಯಾರೂ ಈ ಮನೆಯ ಮೆಟ್ಟಲು ಹತ್ತಿರಲಿಲ್ಲ. ಮಾರ್ಚಿಗೆ ಒಂದು ಸಲ ಕೂರಲಿ. ಆಮೇಲೆ ನನ್ನನ್ನು ಕೇಳಬೇಡಿ.”

ಜನವರಿಯಲ್ಲಿ ಸ್ವರ್ಣಲತಾ ಮತ್ತೆ ಸೋದರತ್ತೆಯ ಮನೆಗೆ ಬಂದಳು. ಶುಕ್ರವಾರ ಸಂಜೆ ಮಾಸ್ಟ್ರಿಂದ ಶುಕೂರ್ ಕಲಿತು ಬಂದದ್ದು ಶನಿವಾರ ಬೆಳಿಗ್ಗೆ ಮಕ್ಕಳಿಗೆ ಸಿಗುತ್ತಿತ್ತು. ಮಾಸ್ಟ್ರ ನಿಯಮವನ್ನು ಅವರು ತನ್ನ ಕಸುಬಿನ ಮಾತಿಗೆ ತಂದುಕೊಂಡರು. ಗಿಡ್ಡ ಶಬ್ದ, ನಡುವೆ ಒಂದೇ ಸ್ವರ, ತುದಿಯಲ್ಲಿ ಒಂದೇ ವ್ಯಂಜನ ಇದ್ದರೆ ಬಟ್ಟೆ ತೆಳು ಎಂದು ತಿಳಿಯಬೇಕು, ಅಂಚಿಗೆ ಎರಡು ಹೊಲಿಗೆ ಹಾಕಬೇಕು: ಬಿಗ್, ಹಾಟ್, ಥಿನ್. ‘ಚೀಪ್’, ‘ಸ್ವೀಟ್’ ಇವುಗಳ ನಡುವೆ ಸ್ವರ ಎರಡಿವೆ, ಬಟ್ಟೆ ಗಟ್ಟಿ, ಒಂದೇ ಹೊಲಿಗೆ ಸಾಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡು, ಮುಂದಿನ ಶುಕ್ರವಾರದವರೆಗೆ ಕಾಯಲು ಹೇಳುತ್ತಿದ್ದರು. ಮಕ್ಕಳಲ್ಲಿ ಇಬ್ಬರು ಬಿಟ್ಟುಹೋದರು. ಉಳಿದವರು ಕಾದರು.

ಅಷ್ಟಕ್ಕೇ ಸುಮ್ಮನಾಗಲಿಲ್ಲ. ಹಿಂದಿನ ವರ್ಷಗಳಲ್ಲಿ ಕಲಿತು ಹೋದವರು ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಕಂಡರೆ ತಡೆದು ನಿಲ್ಲಿಸಿ, ನಾನು ನಿಮಗೆ ಹೇಳಿಕೊಟ್ಟದ್ದರಲ್ಲಿ ತಪ್ಪಿತ್ತು ಎಂದು ತಿದ್ದುತ್ತಿದ್ದರು. ಪಾಸಾಗಿ ಆರು ವರ್ಷವಾಗಿದ್ದ ಶೇಖರರನ್ನೂ ಬಿಡಲಿಲ್ಲ. ಸೀಟಿ ಊದಲು ಬಾಯಿಗಿಟ್ಟ ಕಂಡಕ್ಟರ್ ಬಸ್ಸಿನ ಬಾಗಿಲಲ್ಲಿ ನಿಂತು ಹೆವಿಯರ್‌ನ ಅಕ್ಷರಗಳನ್ನು ಒಪ್ಪಿಸಿದ ಮೇಲೆಯೇ ಬಸ್ಸು ಹೊರಟದ್ದು. ಪ್ರಯಾಣಿಕರು ನಕ್ಕರು. ಶುಕೂರ್ ನಗಲಿಲ್ಲ.

ಅರುವತ್ತೈದರ ಮೇ ತಿಂಗಳಲ್ಲಿ ಫಲಿತಾಂಶ ಪತ್ರಿಕೆಯಲ್ಲಿ ಬಂತು. ಬಂಟ್ವಾಳದಲ್ಲಿ ಪತ್ರಿಕೆ ಕೊಂಡು ತಂದವರು ಶೇಖರರೇ. ಸಾಲುಸಾಲು ನಂಬರುಗಳನ್ನು ನೋಡಿ ಶುಕೂರ್ ಕುತ್ತಿಗೆಯ ಟೇಪು ತೆಗೆದು ಶೇಖರರ ಕೈಗೆ ಕೊಟ್ಟರು. ಶೇಖರರೇ ಟೇಪನ್ನು ಸಾಲಿನ ಕೆಳಗೆ ಹಿಡಿದು ಒಂದೊಂದೇ ಇಳಿಸುತ್ತ ಬಂದರು. ಸ್ವರ್ಣಲತಾಳ ನಂಬರು ಸಿಕ್ಕಿತು. ಆಮೇಲೆ ಅಂಕಪಟ್ಟಿ ಬಂದಾಗ ಇಂಗ್ಲಿಷಿನಲ್ಲಿ ನಲುವತ್ತೊಂದು. ಭೋಜ ಹೆಗ್ಡೆಯವರು ತಾವೇ ಗುರುವಾಯನಕೆರೆಗೆ ಬಂದರು. ಟ್ರೈನಿಂಗ್‌ಗೆ ಮಂಗಳೂರಿಗೆ ಹೋಗುವ ಮಗಳಿಗೆ ಎರಡು ರವಿಕೆ ಹೊಲಿಯಬೇಕು ಎಂದು ಬಟ್ಟೆಯನ್ನು ಮೇಜಿನ ಮೇಲಿಟ್ಟು, ಶುಕೂರರ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಹೋದರು.

ಏಳು ವರ್ಷಗಳಲ್ಲಿ ಎಷ್ಟು ಮಂದಿ ಈ ಮೇಜಿನ ಸುತ್ತ ನಿಂತು ಪಾಸಾದರು ಎಂದು ಕೇಳಿದರೆ ಶುಕೂರರ ಬಳಿ ಪಟ್ಟಿಯಿಲ್ಲ. ಮೂವತ್ತರ ಮೇಲೆ ಇರಬಹುದು ಎನ್ನುತ್ತಾರೆ. ಬಿದ್ದವರ ಹೆಸರು ಮಾತ್ರ ಒಂದೂ ಬಿಡದೆ ಹೇಳುತ್ತಾರೆ. ಅವರು ಕಲಿಸುವುದು ವ್ಯಾಕರಣದ ಒಂದೇ ಒಂದು ಪಾಠವನ್ನು. ಉಳಿದದ್ದಕ್ಕೆ ಶಾಲೆಯ ಮಾಸ್ಟ್ರುಗಳು ಇದ್ದಾರೆ, ತನಗೆ ತಿಳಿದದ್ದು ಹೋಲಿಸಿ ಹೇಳುವುದೊಂದೇ ಎನ್ನುತ್ತಾರೆ. ಆದರೆ ಒಂದು ಪಾಠ ತಲೆಗೆ ಹತ್ತಿದ ಮಕ್ಕಳಿಗೆ ಇಂಗ್ಲಿಷಿನ ಹೆದರಿಕೆಯೇ ಅರ್ಧ ಇಳಿಯುತ್ತದೆ ಎಂಬುದು ವೆಂಕಟೇಶ್ವರ ಮಾಸ್ಟ್ರ ಅಭಿಪ್ರಾಯ. ಮಾಸ್ಟ್ರು ಈಗ ತಿಂಗಳಿಗೊಮ್ಮೆ ಮೂಡುಬಿದಿರೆಯಿಂದ ಹಿಂದಿನ ಸಂಜೆಯೇ ಬಂದು ತಂಗಿ, ಬೆಳಿಗ್ಗೆ ಅಂಗಡಿಯ ಮೂಲೆಯಲ್ಲಿ ಕುಳಿತು ಪಾಠ ಕೇಳುತ್ತಾರೆ. ಬಾಯಿ ಹಾಕುವುದಿಲ್ಲ.

ಕಳೆದ ತಿಂಗಳು ಮಂಗಳೂರಿನಿಂದ ಸ್ವರ್ಣಲತಾಳ ಕಾಗದ ಬಂದಿದೆ. ಒಂದು ಪುಟ, ಪೂರ್ತಿ ಇಂಗ್ಲಿಷಿನಲ್ಲಿ. ಮೊದಲ ವರ್ಷದ ಪರೀಕ್ಷೆ ಪಾಸಾದದ್ದು, ಪಕ್ಕದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಿ ತೋರಿಸಿದ್ದು ಎಲ್ಲ ಬರೆದಿದ್ದಾಳೆ. ಶುಕೂರ್ ಅದನ್ನು ಮೆಷಿನಿನ ಖಾನೆಯಿಂದ ತೆಗೆದು ಬಿಡಿಸುತ್ತಾರೆ. ಮೂರನೆಯ ಸಾಲಿನ ಪಕ್ಕ ಅವರೇ ಹಾಕಿದ ಪೆನ್ಸಿಲಿನ ಸಣ್ಣ ಗುರುತು ಇದೆ. ಉತ್ತರವಾಗಿ ಕನ್ನಡದಲ್ಲಿ ಒಂದು ಕಾರ್ಡು ಬರೆದು ಹಾಕಿ ಎಂದು ಪಾತುಮ್ಮ ಎರಡು ಸಲ ಹೇಳಿದ್ದಾರಂತೆ. ಶುಕೂರರು ಒಪ್ಪಿಲ್ಲ.

“ಇಲ್ಲಿ ಐ ಹ್ಯಾವ್ ಪಾಸ್ಡ್ ಅಂತ ಬರೆದಿದ್ದಾಳೆ, ಮುಂದೆ ಲಾಸ್ಟ್ ಏಪ್ರಿಲ್ ಅಂತ ಉಂಟು. ಎಲ್ಲೋ ಹೊಲಿಗೆ ಎಳೆದ ಹಾಗೆ ಕಾಣ್ತದೆ. ತಪ್ಪೋ ಸರಿಯೋ ನನಗೆ ಗೊತ್ತಿಲ್ಲ, ಇದು ಟೆನ್ಸು, ಕ್ರಿಯಾಪದದ ಕಾಲದ ವಿಷಯ, ನಾನು ಅಲ್ಲಿವರೆಗೆ ಕಲಿತಿಲ್ಲ,” ಎನ್ನುತ್ತಾರೆ ಅವರು, ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚುತ್ತ. “ಮಳೆ ಬಿಟ್ಟ ಮೇಲೆ ಹೇಳಿಕೊಡ್ತೇನೆ ಅಂದಿದ್ದಾರೆ ಮಾಸ್ಟ್ರು. ಕಲಿತು ಉತ್ತರ ಬರೀತೇನೆ. ಇಂಗ್ಲಿಷಿನಲ್ಲೇ.”